ಪ್ಲಾಸ್ಟಿಕ್ಕಿನ ಹಣೆಬರಹ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಗೆ ಸೇರಿದ ಸಮೇತನಹಳ್ಳಿಯ ಹೆಸರನ್ನು ಕೇಳಿದೊಡನೆ ಹಳೆಯ ತಲೆಮಾರಿನ ಸಾಹಿತ್ಯಾಸಕ್ತರಿಗೆ ‘ಸವತಿ ಗಂಧವಾರಣೆ’ಯ ಕರ್ತೃಗಳಾದ ಸಮೇತನಹಳ್ಳಿ ರಾಮರಾಯರು ನೆನಪಾಗುವುದು ಸಹಜವೇ, ಆದರೆ ಈಗ ಕಾಡುಗೋಡಿಯ ಕಡೆಯಿಂದ ಆ ಊರಿನತ್ತ ಹೋಗುವವನ ಕಣ್ಣಿಗೆ ಬೀಳುವವು ಸಾಲುಸಾಲಾಗಿ ನೆಟ್ಟ ನಿವೇಶನದ ಕಲ್ಲುಗಳು, ಗೋದಾಮುಗಳ ತಗಡಿನ ಗೋಡೆಗಳು, ಮತ್ತು ಇವೆರಡರ ಒತ್ತುವರಿಯ ನಡುವೆಯೂ ಇನ್ನೂ ಉಸಿರಾಡುತ್ತಿರುವ ತರಕಾರಿ ಹೊಲಗಳು. ಆ ಹೊಲಗಳಲ್ಲಿ ಟೊಮೆಟೊ, ದಪ್ಪ ಮೆಣಸಿನಕಾಯಿ, ಹುರುಳಿಕಾಯಿಗಳ ಸಾಲುಗಳ ಬುಡದಲ್ಲಿ ಬೆಳ್ಳಿಯ ಬಣ್ಣದ ಉದ್ದುದ್ದ ಪಟ್ಟೆಗಳು ಬಿಸಿಲಿಗೆ ಹೊಳೆಯುತ್ತಿರುತ್ತವೆ. ರೈತರು ಅದನ್ನು ‘ಮಲ್ಚಿಂಗ್ ಪೇಪರ್’ ಎನ್ನುತ್ತಾರೆ. ಕಾಗದದ ಅಂಶ ಲವಲೇಶವೂ ಇಲ್ಲದ ಆ ವಸ್ತು ಶುದ್ಧ ಪಾಲಿಥೀನ್.

ಮೇಲೆ ಬೆಳ್ಳಿ, ಕೆಳಗೆ ಕಪ್ಪು. ನಾಲ್ಕು ಅಡಿ ಅಗಲ, ಇಪ್ಪತ್ತೈದೋ ಮೂವತ್ತೋ ಮೈಕ್ರಾನ್ ದಪ್ಪ. ಏರಿಸಿದ ಪಾತಿಯ ಮೇಲೆ ಡ್ರಿಪ್ ಪೈಪನ್ನು ಎಳೆದು, ಅದರ ಮೇಲೆ ಈ ಹಾಳೆಯನ್ನು ಬಿಗಿಯಾಗಿ ಹಾಸಿ, ಎರಡೂ ಅಂಚುಗಳಿಗೆ ಕೆಂಪು ಮಣ್ಣನ್ನು ಎಳೆದು ಮುಚ್ಚಿ, ಕಾಯಿಸಿದ ಕೊಳವೆಯ ಬಾಯಿಂದ ಅಳತೆಗೆ ಸರಿಯಾಗಿ ತೂತುಗಳನ್ನು ಸುಟ್ಟು, ಆ ತೂತುಗಳಲ್ಲಿ ಸಸಿಯನ್ನು ನಾಟಿ ಮಾಡಿದರೆ, ಕಳೆ ಕೀಳುವ ಆಳಿನ ಕೂಲಿ ಉಳಿಯಿತು, ನೀರು ಆವಿಯಾಗಿ ಹೋಗುವುದು ತಪ್ಪಿತು, ಹಣ್ಣಿಗೆ ಮಣ್ಣು ಸಿಡಿದು ಕೊಳೆಯುವ ಭಯವೂ ಕಡಿಮೆಯಾಯಿತು. ಕೊಳವೆಬಾವಿಯ ನೀರನ್ನು ಲೆಕ್ಕ ಹಾಕಿ ಬಳಸಬೇಕಾದ ದಕ್ಷಿಣ ಪಿನಾಕಿನಿಯ ಈ ಸೀಮೆಯಲ್ಲಿ ಇದೇನು ಸಾಮಾನ್ಯ ಉಪಕಾರವಲ್ಲ. ಪ್ಲಾಸ್ಟಿಕ್ಕನ್ನು ಬೈಯುವುದೇ ಪರಿಸರಪ್ರೇಮದ ಲಕ್ಷಣವೆಂದು ಭಾವಿಸಿರುವ ಪಟ್ಟಣವಾಸಿಗಳು ಈ ಉಪಕಾರವನ್ನು ಮೊದಲು ಒಪ್ಪಿಕೊಂಡು ಆಮೇಲೆ ಮಾತನಾಡುವುದು ನ್ಯಾಯ.

ತೊಡಕು ಇರುವುದು ಬೆಳೆ ಮುಗಿದ ಮೇಲೆ. ನಾಟಿಯಾದ ನಾಲ್ಕೈದು ತಿಂಗಳಿಗೆ ಟೊಮೆಟೊ ಗಿಡದ ಆಯುಷ್ಯ ತೀರುತ್ತದೆ. ಕಟ್ಟಿದ ದಾರವನ್ನು ಬಿಚ್ಚಿ, ನೀಲಗಿರಿ ಕಡ್ಡಿಗಳನ್ನು ಕಿತ್ತು ಬದುವಿನ ಮೇಲೆ ಒಟ್ಟಿದ ಬಳಿಕ, ಹಾಳೆಯ ಸರದಿ ಬರುತ್ತದೆ. ನಡುಭಾಗ ಕೈಗೆ ಬರುತ್ತದೆ, ಅಂಚು ಬರುವುದಿಲ್ಲ. ಮಣ್ಣಿನಡಿ ಹೂತ ಅಂಚು ಎಳೆದಲ್ಲೆಲ್ಲ ಹರಿದು, ಅಂಗೈ ಅಗಲದ ಚೂರುಗಳಾಗಿ ನೆಲದಲ್ಲಿಯೇ ಉಳಿಯುತ್ತದೆ. ಮರುಬೆಳೆಗೆ ರೋಟವೇಟರ್ ಹೊಡೆದಾಗ ಅವು ಉಗುರಿನಷ್ಟಾಗುತ್ತವೆ, ಅದರ ಮುಂದಿನ ಬೆಳೆಗೆ ಇನ್ನೂ ಸಣ್ಣವಾಗುತ್ತವೆ, ಉಳಿದ ಉದ್ದನೆಯ ಎಳೆಗಳು ರೋಟವೇಟರಿನ ಅಲಗಿಗೆ ಸುತ್ತಿಕೊಂಡು ಟ್ರ್ಯಾಕ್ಟರಿನವನ ಬೈಗುಳಕ್ಕೆ ಕಾರಣವಾಗುತ್ತವೆ. ಮಣ್ಣು ಮೆತ್ತಿದ ಹಾಳೆಯನ್ನು ಗುಜರಿಯವನು ಮುಟ್ಟಲೊಲ್ಲ. ಆದಕಾರಣ ಅದು ಬದುವಿನ ಮೂಲೆಯಲ್ಲಿ ಬೆಂಕಿಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿದರೆ ವಿಷಯದ ಗಾತ್ರ ತಿಳಿಯುತ್ತದೆ: ಇಪ್ಪತ್ತೈದು ಮೈಕ್ರಾನಿನ ಹಾಳೆ ಚದರ ಮೀಟರಿಗೆ ಸುಮಾರು 23 ಗ್ರಾಂ ತೂಗುತ್ತದೆ, ಎಕರೆಯಲ್ಲಿ ಅರ್ಧದಷ್ಟು ನೆಲವನ್ನು ಮುಚ್ಚಿದರೂ ಒಂದು ಬೆಳೆಗೆ 46 ಕಿಲೋಗ್ರಾಂಗಳಷ್ಟು ಪಾಲಿಥೀನ್ ಹೊಲಕ್ಕೆ ಇಳಿದಂತಾಯಿತು.

ಇಲ್ಲಿ ದೋಷವು ಹಾಳೆಯದೂ ಅಲ್ಲ, ರೈತನದೂ ಅಲ್ಲ. ಐದು ತಿಂಗಳ ಕೆಲಸಕ್ಕೆ ತಲೆಮಾರುಗಳನ್ನು ದಾಟಿ ಬಾಳುವ ವಸ್ತುವನ್ನು ನೇಮಿಸಿಕೊಂಡಿದ್ದೇವೆ. ಹಾಗೆಂದು ಐದು ದಿನಕ್ಕೆ ಕೊಳೆಯುವ ಹಾಳೆಯನ್ನು ಕೊಟ್ಟರೆ ರೈತ ಅದನ್ನು ತೆಗೆದುಕೊಂಡಾನೆಯೇ? ಬಾಳಿಕೆಯಾಗಲಿ, ಕೊಳೆಯುವಿಕೆಯಾಗಲಿ ಸ್ವತಃ ಗುಣವೂ ಅಲ್ಲ, ಅವಗುಣವೂ ಅಲ್ಲ. ವಸ್ತುವಿನ ಆಯುಷ್ಯ ಅದರ ಕೆಲಸದ ಅವಧಿಗೆ ಹೊಂದಿಕೊಳ್ಳಬೇಕು. ಪಾಲಿಮರುಗಳ, ಅಂದರೆ ಪಾಲಿಥೀನಿನಂಥ ಉದ್ದನೆಯ ಸರಪಳಿಯ ವಸ್ತುಗಳ, ಅಣುರಚನೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಅವು ಯಾವಾಗ ಶಿಥಿಲವಾಗಬೇಕೆಂಬುದನ್ನು ಮುಂಚಿತವಾಗಿಯೇ ಅವುಗಳ ಹಣೆಯಲ್ಲಿ ಬರೆಯುವ ವಿದ್ಯೆಯೊಂದು ಕಳೆದ ಅರ್ಧ ಶತಮಾನದಲ್ಲಿ ಬೆಳೆದು ಬಂದಿದೆ.

ಪಾಲಿಥೀನ್ ಏಕೆ ಕೊಳೆಯದು ಎಂಬುದನ್ನು ಮೊದಲು ನೋಡೋಣ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಹುಟ್ಟಿದ ಈ ವಸ್ತುವಿನ ಅಣುವು ಆದಿಯಿಂದ ಅಂತ್ಯದವರೆಗೆ ಇಂಗಾಲಕ್ಕೆ ಇಂಗಾಲವೇ ಕೈಹಿಡಿದು ನಿಂತ ದೀರ್ಘವಾದ ಸರಪಳಿ. ಮಣ್ಣಿನ ಬೂಷ್ಟು ಮತ್ತು ಸೂಕ್ಷ್ಮಾಣುಗಳು ಆಹಾರವನ್ನು ಒಡೆಯುವುದು ತಾವು ಸ್ರವಿಸುವ ಕಿಣ್ವಗಳಿಂದ. ಕಿಣ್ವಕ್ಕೆ ಹಿಡಿಯಲು ಅಣುವಿನಲ್ಲಿ ಒಂದು ಸಂದು ಬೇಕು. ಪಾಲಿಥೀನಿನ ಸರಪಳಿಯಲ್ಲಿ ಅಂಥ ಸಂದೇ ಇಲ್ಲ. ನೀರು ಅದರೊಳಗೆ ನುಗ್ಗುವುದಿಲ್ಲ, ಸೂಕ್ಷ್ಮಾಣುವಿನ ಮೈಯೊಳಗೆ ಹೋಗಲು ಅಣುವಿನ ಗಾತ್ರ ಬಿಡುವುದಿಲ್ಲ.

ಆ ಸಂದನ್ನು ಬಲವಂತದಿಂದ ಮಾಡುವ ಮೊದಮೊದಲ ಯತ್ನಗಳಲ್ಲಿ ಕೆಲವು ಹೊಲಕ್ಕೆ ಸಂಬಂಧಿಸಿದವೇ ಆಗಿದ್ದುವೆಂಬುದು ಸ್ವಾರಸ್ಯಕರ. ಬ್ರಿಟನ್ನಿನ ಜೆರಾಲ್ಡ್ ಸ್ಕಾಟ್ ಮತ್ತು ಇಸ್ರೇಲಿನ ಡ್ಯಾನ್ ಗಿಲಿಯಾಡ್ ಎಂಬಿಬ್ಬರು ಪಾಲಿಥೀನಿಗೆ ಕಬ್ಬಿಣದ ಡೈಥಯೋಕಾರ್ಬಮೇಟ್ ಎಂಬ ಸಂಯುಕ್ತವನ್ನು ಬೆರೆಸಿದರು. ಈ ಸಂಯುಕ್ತದ ನಡತೆ ವಿಚಿತ್ರವಾದುದು: ಮೊದಮೊದಲು ಅದು ಹಾಳೆಯನ್ನು ಬಿಸಿಲಿನಿಂದ ಕಾಪಾಡುತ್ತದೆ, ಕಾಪಾಡುತ್ತ ಕಾಪಾಡುತ್ತ ತಾನು ವೆಚ್ಚವಾಗಿ, ಕೊನೆಗೆ ಬಿಡುಗಡೆಯಾದ ಕಬ್ಬಿಣವು ತದ್ವಿರುದ್ಧವಾಗಿ ಅದೇ ಬಿಸಿಲಿನ ಸಹಾಯದಿಂದ ಸರಪಳಿಯನ್ನು ಕಡಿಯತೊಡಗುತ್ತದೆ. ಬೆರಕೆಯ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ಕಾವಲುಗಾರನು ಕೊಲೆಗಾರನಾಗುವ ಮುಹೂರ್ತವನ್ನು ಹಿಂದುಮುಂದು ಮಾಡಬಹುದಾಗಿತ್ತು. ಉಪಾಯವೇನೋ ಜಾಣತನದ್ದೇ. ಆದರೆ ಬಿಸಿಲು ಬೀಳದ ಅಂಚು, ಅಂದರೆ ನಮ್ಮ ರೈತನ ಕೈಗೆ ಬಾರದ ಆ ಮಣ್ಣಿನಡಿಯ ಅಂಚು, ಇದಕ್ಕೆ ಬಗ್ಗಲಿಲ್ಲ; ಬಗ್ಗಿದ ಭಾಗವೂ ಪುಡಿಯಾಯಿತೇ ಹೊರತು ಮಣ್ಣಾಯಿತೆಂದು ಹೇಳುವಂತಿರಲಿಲ್ಲ. ಇದೇ ಜಾತಿಯ ಲೋಹಬೆರಕೆಯ ಚೀಲಗಳು ಮುಂದೆ ‘ಆಕ್ಸೋ’ ಎಂಬ ಉಪಸರ್ಗವನ್ನು ಧರಿಸಿ ಪರಿಸರಸ್ನೇಹಿ ಎಂಬ ಬಿರುದಿನೊಡನೆ ಪೇಟೆಗೆ ಬಂದುವು. ಐರೋಪ್ಯ ಒಕ್ಕೂಟವು 2019ರ ತನ್ನ ನಿರ್ದೇಶನದಲ್ಲಿ ಅವುಗಳಿಗೆ ನಿಷೇಧ ವಿಧಿಸಿ 2021ರ ಜುಲೈಯಿಂದ ಜಾರಿಗೆ ತಂದಿತು. ಕಣ್ಣಿಗೆ ಕಾಣದಷ್ಟು ಸಣ್ಣದಾಗುವುದನ್ನು ಇಲ್ಲವಾಗುವುದೆಂದು ಮಾರುವ ವ್ಯಾಪಾರಕ್ಕೆ ಅದು ತಕ್ಕ ಉತ್ತರವೆಂದೇ ನನ್ನ ಭಾವನೆ.

ಇನ್ನೊಂದು ದಾರಿ ಆಸ್ಪತ್ರೆಯಿಂದ ಬಂದಿತು. ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ಅಂಗಾಂಶಕ್ಕೆ ಹಾಕಿದ ಹೊಲಿಗೆಯನ್ನು ಬಿಚ್ಚಲು ಮತ್ತೆ ಹೊಟ್ಟೆ ಕೊಯ್ಯುವಂತಿಲ್ಲ. ಗಾಯ ಕೂಡುವವರೆಗೆ ದಾರ ಗಟ್ಟಿಯಾಗಿರಬೇಕು, ಕೂಡಿದ ಮೇಲೆ ಕರಗಿ ಹೋಗಬೇಕು. ಕುರಿ, ದನಗಳ ಕರುಳಿನಿಂದ ಮಾಡಿದ ‘ಕ್ಯಾಟ್‌ಗಟ್’ ದಾರ ಬಹು ಹಿಂದಿನಿಂದ ಬಳಕೆಯಲ್ಲಿತ್ತು. ಆದರೆ ಅದರ ಬಿಗಿ ವಾರ ಹತ್ತು ದಿನಕ್ಕೆ ಸಡಿಲವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೋಸೆಫ್ ಲಿಸ್ಟರ್ ಅದನ್ನು ಕ್ರೋಮಿಯಂ ಲವಣಗಳಿಂದ ಸಂಸ್ಕರಿಸಿದಾಗ ಅದರ ಬಿಗಿ ಎರಡು ಮೂರು ವಾರಗಳವರೆಗೆ ಉಳಿಯತೊಡಗಿತು. ಚರ್ಮ ಹದಮಾಡುವವರು ಮಾಡುವ ಕೆಲಸವೇ ಅದು: ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಕ್ರೋಮಿಯಂ ಒಂದಕ್ಕೊಂದು ಅಡ್ಡಗಟ್ಟಿ ಬಿಗಿಯುತ್ತದೆ, ದೇಹದ ಕಿಣ್ವಗಳಿಗೆ ಪ್ರವೇಶ ಕಠಿಣವಾಗುತ್ತದೆ. ಪಾಲಿಮರಿನ ರಚನೆಯನ್ನು ಮಾರ್ಪಡಿಸಿ ಅದರ ವಿಘಟನೆಯ ಕಾಲವನ್ನು ಆಳುವ ವಿದ್ಯೆ, ಪಾಲಿಮರ್ ಎಂಬ ಕಲ್ಪನೆಯೇ ಸ್ಪಷ್ಟವಾಗದಿದ್ದ ಕಾಲದಲ್ಲಿ, ಹೀಗೆ ಆರಂಭವಾಗಿತ್ತು.

1970ರ ದಶಕದಲ್ಲಿ ಈ ದಾರದ ಸ್ಥಾನಕ್ಕೆ ಕೃತಕ ಪಾಲಿಎಸ್ಟರುಗಳು ಬಂದುವು. ಎಸ್ಟರ್ ಬಂಧವೆಂದರೆ ಆಮ್ಲವೊಂದೂ ಮದ್ಯಸಾರ ವರ್ಗದ ಅಣುವೊಂದೂ ನೀರನ್ನು ಬಿಟ್ಟುಕೊಟ್ಟು ಕೂಡಿಕೊಂಡ ಸಂದು; ಆ ನೀರನ್ನು ಹಿಂದಿರುಗಿಸಿದರೆ ಸಂದು ಬಿಡುತ್ತದೆ. ಗ್ಲೈಕಾಲಿಕ್ ಆಮ್ಲದಿಂದ ಮಾಡಿದ ಡೆಕ್ಸಾನ್ ಎಂಬ ದಾರ 1970ರಲ್ಲಿಯೂ, ನೂರಕ್ಕೆ ತೊಂಬತ್ತು ಪಾಲು ಗ್ಲೈಕಾಲೈಡಿಗೆ ಹತ್ತು ಪಾಲು ಲ್ಯಾಕ್ಟೈಡನ್ನು ಸೇರಿಸಿ ಮಾಡಿದ ವಿಕ್ರಿಲ್ 1974ರಲ್ಲಿಯೂ ಪೇಟೆಗೆ ಬಂದುವು. ಲ್ಯಾಕ್ಟೈಡಿನ ಮೂಲವಾದ ಲ್ಯಾಕ್ಟಿಕ್ ಆಮ್ಲ ನಮ್ಮ ಮೊಸರಿನ ಹುಳಿಯೇ. ಗ್ಲೈಕಾಲಿಕ್ ಆಮ್ಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಜಲಜನಕಗಳಷ್ಟು. ಆ ಅಲ್ಪ ಸೇರ್ಪಡೆ ನೀರನ್ನು ದೂರ ತಳ್ಳುವ ಸ್ವಭಾವದ್ದು. ಆದರೆ ಅದೇ ಸೇರ್ಪಡೆ ಅಣುಗಳು ಸಾಲಾಗಿ ಜೋಡಿಕೊಂಡು ಸ್ಫಟಿಕವಾಗುವ ಕ್ರಮವನ್ನೂ ಕೆಡಿಸುತ್ತದೆ, ಕ್ರಮಗೆಟ್ಟ ಎಡೆಗಳಲ್ಲಿ ನೀರು ಸುಲಭವಾಗಿ ಇಳಿಯುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ಪ್ರವೃತ್ತಿಗಳನ್ನು ತೂಗಿಸಿ ಪ್ರಮಾಣವನ್ನು ಗೊತ್ತುಮಾಡುವುದೇ ರಸಾಯನಜ್ಞನ ಕೌಶಲ. ವಿಕ್ರಿಲ್ ದಾರ ಸುಮಾರು ಎರಡು ತಿಂಗಳಲ್ಲಿ ದೇಹದಲ್ಲಿ ಲೀನವಾದರೆ, ಪಾಲಿಡಯಾಕ್ಸನೋನ್ ಎಂಬ ಇನ್ನೊಂದು ಎಸ್ಟರ್ ಆರು ತಿಂಗಳಿಗೂ ಮೇಲ್ಪಟ್ಟು ಕಾಲ ತೆಗೆದುಕೊಳ್ಳುತ್ತದೆ. ಯಾವ ಅಂಗಕ್ಕೆ ಎಷ್ಟು ದಿನದ ದಾರ ಬೇಕೋ ಅದನ್ನು ಶಸ್ತ್ರವೈದ್ಯ ಆರಿಸಿಕೊಳ್ಳುತ್ತಾನೆ. ಕರಗುವ ಹೊಲಿಗೆಯ ದಾರವನ್ನು ಬೆಂಗಳೂರಿನಲ್ಲಿಯೇ ತಯಾರಿಸುವ ಉದ್ಯಮ 1990ರ ದಶಕದಿಂದ ಬೆಳೆದಿರುವುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ರೇಷ್ಮೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ವಿಜಯಪುರ, ಶಿಡ್ಲಘಟ್ಟಗಳ ಗೂಡಿನ ಪೇಟೆಗಳು ಸಮೇತನಹಳ್ಳಿಗೆ ದೂರವೇನಲ್ಲ. ಗೂಡಿನ ಅಂಟನ್ನು ತೆಗೆದು, ಉಳಿದ ಫೈಬ್ರಾಯಿನ್ ಎಂಬ ಪ್ರೋಟೀನನ್ನು ಕರಗಿಸಿ ತೆಳುವಾದ ಪೊರೆಯಾಗಿ ಒಣಗಿಸಿದರೆ ಅದು ನೀರಿಗೆ ಹಾಕಿದೊಡನೆ ಕರಗುತ್ತದೆ. ಅದೇ ಪೊರೆಗೆ ಮೆಥನಾಲ್ ಸೋಕಿಸಿದರೆ ಅಣುಗಳು ಪದರಪದರವಾಗಿ ಮಡಿಸಿ ಕುಳಿತು ನೀರಿಗೆ ಜಗ್ಗದಂತಾಗುತ್ತವೆ. ಒಂದು ಪರಮಾಣುವೂ ಸೇರಲಿಲ್ಲ, ಒಂದೂ ಕಳೆಯಲಿಲ್ಲ. ಕುಳಿತುಕೊಳ್ಳುವ ಭಂಗಿ ಬದಲಾಯಿತು, ಅಷ್ಟೆ.

ಹೊಲಿಗೆಯ ದಾರದ ಆ ಎಸ್ಟರ್ ಬಂಧ ಹೊಲಕ್ಕೆ ಬಂದದ್ದು ಹೇಗೆ? ಮಣ್ಣಿಗೆ ಎಸ್ಟರನ್ನು ತಿನ್ನುವ ಅಭ್ಯಾಸ ಕೋಟ್ಯಂತರ ವರ್ಷಗಳಿಂದ ಇದೆ. ಹೊಂಗೆಯ ಎಲೆಯನ್ನಾಗಲಿ ಮಾವಿನ ಎಲೆಯನ್ನಾಗಲಿ ಬೆರಳಿನಿಂದ ಉಜ್ಜಿದರೆ ನುಣುಪಾಗಿ ಹತ್ತುವ ಹೊರಪೊರೆಯಲ್ಲಿ ಕ್ಯೂಟಿನ್ ಎಂಬ ವಸ್ತುವಿದೆ. ಅದು ಗಿಡವೇ ಹೆಣೆದ ಪಾಲಿಎಸ್ಟರ್. ಉದುರಿದ ಎಲೆಯನ್ನು ಒಡೆಯಲು ಬೂಷ್ಟುಗಳು ಕ್ಯೂಟಿನೇಸ್ ಎಂಬ ಕಿಣ್ವವನ್ನು ಹೊರಸೂಸುತ್ತವೆ, ಮತ್ತು ಆ ಕಿಣ್ವಕ್ಕೆ ಎಲೆಯ ಪೊರೆ ಯಾವುದು, ಕಾರ್ಖಾನೆಯ ಹಾಳೆ ಯಾವುದು ಎಂಬ ಭೇದವಿಲ್ಲ. ಬಂಧ ಹಿಡಿತಕ್ಕೆ ಸಿಕ್ಕಿದರೆ ಸರಿ. ಸಿಕ್ಕದಂತೆ ಮಾಡಬೇಕಾದರೆ ಸರಪಳಿಯನ್ನು ಗಡುಸುಗೊಳಿಸಬೇಕು. ನೀರಿನ ಬಾಟಲಿಯ ಪಿಇಟಿಯೂ ಪಾಲಿಎಸ್ಟರೇ ಆದರೂ ಅದರ ಪ್ರತಿ ಕೊಂಡಿಯಲ್ಲಿ ಟೆರೆಫ್ತಾಲಿಕ್ ಆಮ್ಲದ ಷಟ್ಕೋನಾಕೃತಿಯ ಉಂಗುರವಿರುವುದರಿಂದ ಕಿಣ್ವಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಉಂಗುರಗಳಲ್ಲಿ ಅರ್ಧದಷ್ಟನ್ನು ತೆಗೆದು ಆ ಸ್ಥಾನದಲ್ಲಿ ಅಡಿಪಿಕ್ ಆಮ್ಲವೆಂಬ ನೀಳವಾದ, ಬಳುಕುವ ಕೊಂಡಿಯನ್ನು ಸೇರಿಸಿದರೆ ಹಾಳೆ ಪಾಲಿಥೀನಿನಂತೆಯೇ ಹಿಗ್ಗುತ್ತದೆ, ಮಣ್ಣಿನಲ್ಲಿ ಕೊಳೆಯಲೂ ಒಪ್ಪುತ್ತದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1998ರಲ್ಲಿ ಪೇಟೆಗೆ ತಂದ ಪಿಬಿಎಟಿ ಎಂಬ ಪಾಲಿಮರಿನ ಮರ್ಮ ಇದು. ಉಂಗುರದ ಪಾಲು ಅರ್ಧವನ್ನು ಮೀರಿ ಏರುತ್ತ ಹೋದಂತೆ ಕೊಳೆಯುವ ವೇಗ ಇಳಿಯುತ್ತದೆ. ಇಳಿಸಿದರೆ ಹಾಳೆ ಮೃದುವಾಗಿ, ಎಳೆದು ಹಾಸುವಾಗಲೇ ಕೈಕೊಡುತ್ತದೆ. ಅಂದ ಹಾಗೆ, ಈ ಪಿಬಿಎಟಿ ಬಹುಮಟ್ಟಿಗೆ ಪೆಟ್ರೋಲಿಯಮ್ಮಿನ ಸಂತಾನ. ಗಿಡಮೂಲದ್ದೆಲ್ಲ ಕೊಳೆಯುವುದಿಲ್ಲ, ಕೊಳೆಯುವುದೆಲ್ಲ ಗಿಡಮೂಲದ್ದಲ್ಲ ಎಂಬುದನ್ನು ಜಾಹೀರಾತಿನ ಹಸಿರು ಎಲೆಯ ಚಿತ್ರ ನಮಗೆ ಮರೆಸಿಬಿಡುತ್ತದೆ.

ಹಾಳೆ ನಿಜವಾಗಿ ಕೊಳೆಯಿತೋ ಚೂರಾಗಿ ಅಡಗಿತೋ ಎಂಬ ಸಂದೇಹವನ್ನು ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಒಂದು ಸುಂದರವಾದ ಪ್ರಯೋಗದಿಂದ ಬಗೆಹರಿಸಿದರು. ಪಿಬಿಎಟಿಯ ಇಂಗಾಲಕ್ಕೆ ಗುರುತು ಹಾಕುವ ಸಲುವಾಗಿ ಭಾರವಾದ ಇಂಗಾಲ-13ನ್ನು ಬಳಸಿ ಹಾಳೆ ಮಾಡಿ, ಮಣ್ಣಿನಲ್ಲಿ ಹೂತು, ಆ ಗುರುತಿನ ಇಂಗಾಲವು ಸೂಕ್ಷ್ಮಾಣುಗಳು ಉಸಿರುಬಿಟ್ಟ ಅನಿಲದಲ್ಲಿಯೂ, ಬೂಷ್ಟಿನ ಎಳೆಗಳ ಒಡಲಿನಲ್ಲಿಯೂ ಸೇರಿರುವುದನ್ನು ತೋರಿಸಿದರು. ಅದೇ ವರ್ಷ ಐರೋಪ್ಯ ಮಾನಕವೊಂದು ಹೊರಬಂದು, ಹೊಲದ ಹಾಳೆಯ ಇಂಗಾಲದಲ್ಲಿ ನೂರಕ್ಕೆ ತೊಂಬತ್ತು ಪಾಲು ಎರಡು ವರ್ಷದೊಳಗೆ ಸಾಧಾರಣ ಮಣ್ಣಿನ ಶಾಖದಲ್ಲಿಯೇ ಅನಿಲವಾಗಬೇಕೆಂದು ವಿಧಿಸಿತು.

ಸಾಧಾರಣ ಮಣ್ಣಿನ ಶಾಖ ಎಂಬ ಮಾತನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ‘ಕಾಂಪೋಸ್ಟಬಲ್’ ಎಂಬ ಮುದ್ರೆ ಪಡೆಯಲು ವಸ್ತುವು ಉತ್ತೀರ್ಣವಾಗಬೇಕಾದ ಐಎಸ್ 17088 ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಶಾಖದ ಕಾಂಪೋಸ್ಟಿನಲ್ಲಿ, 180 ದಿನಗಳ ಅವಧಿಗೆ. ಮೆಕ್ಕೆಜೋಳದ ಸಕ್ಕರೆಯಿಂದ ಬರುವ ಪಿಎಲ್‌ಎ ಎಂಬ ಪಾಲಿಲ್ಯಾಕ್ಟಿಕ್ ಆಮ್ಲ ಆ ಶಾಖದಲ್ಲಿ ಸಡಿಲಗೊಂಡು ಕರಗಿಹೋಗುತ್ತದೆ, ಏಕೆಂದರೆ ಅದರ ಗಾಜಿನಂಥ ಗಡಸುತನ ಬಿಡುವುದೇ ಸುಮಾರು 60 ಡಿಗ್ರಿಯಲ್ಲಿ. ಹೊಲದಲ್ಲಿ ಹಾಕಿದರೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಸಮೇತನಹಳ್ಳಿಯ ತಿಪ್ಪೆ ಮಳೆಗಾಲದಲ್ಲಿ ಒಳಗೊಳಗೆ ಬಿಸಿಯಾದೀತು. ಆದರೆ ಬೇಸಗೆಯಲ್ಲಿ ಒಣಗಿ ನಿಂತ ತಿಪ್ಪೆಗೂ ಕಾರ್ಖಾನೆಯ ಕಾಂಪೋಸ್ಟಿಗೂ ಸಂಬಂಧವಿಲ್ಲ. ಇನ್ನು ಹೊಲವಾದರೋ, ಡ್ರಿಪ್ಪಿನ ತೊಟ್ಟಿಕ್ಕುವ ಬಾಯ ಸುತ್ತ ಒಂದು ಗೇಣು ತೇವ, ಅದರಾಚೆ ಮಾರ್ಚಿಯಿಂದ ಮೇ ತನಕ ಹೆಂಟೆ ಕಲ್ಲಾಗುವ ಕೆಂಪು ಮಣ್ಣು. ಒಂದೇ ಹಾಳೆಯ ನಡುಭಾಗ ಬೆಳೆ ಮುಗಿಯುವ ಮೊದಲೇ ತೂತಾಗಿ, ಒಣಗಿದ ಅಂಚು ಬೆಳೆ ಮುಗಿದ ಮೇಲೂ ಉಳಿಯುವ ಸಂಭವವುಂಟು. ಇದರ ಮೇಲೆ ಬಿಸಿಲಿನ ಕಾಟ. ಪಿಬಿಎಟಿಯ ಉಂಗುರ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಸರಪಳಿಗಳನ್ನು ಒಂದಕ್ಕೊಂದು ಗಂಟುಹಾಕುವುದರಿಂದ ಹಾಳೆ ಬಿರುಸಾಗಿ ಬೇಗ ಒಡೆಯುತ್ತದೆ, ಆದರೆ ಒಡೆದ ಚೂರು ಮಣ್ಣಿನಲ್ಲಿ ನಿಧಾನವಾಗಿ ಕೊಳೆಯುತ್ತದೆ. ಬೇಕಾದದ್ದಕ್ಕೆ ಸರಿಯಾಗಿ ವಿಪರೀತ. ಇದನ್ನು ತಡೆಯಲು ಕಾಡಿಗೆಯಂಥ ಇಂಗಾಲದ ಪುಡಿಯನ್ನು ಬೆರೆಸುತ್ತಾರೆ. ನೀರಿನಿಂದ ಅಕಾಲದಲ್ಲಿ ಸಂದು ಬಿಡದಂತೆ, ಸರಪಳಿಯ ತುದಿಯಲ್ಲಿರುವ ಆಮ್ಲವನ್ನು ಕಾರ್ಬೊಡೈಇಮೈಡ್ ಎಂಬ ಸಂಯುಕ್ತದಿಂದ ಮುಚ್ಚುವ ಕ್ರಮವೂ ಇದೆ, ಏಕೆಂದರೆ ಸಂದು ಬಿಟ್ಟಾಗ ಹುಟ್ಟುವ ಆಮ್ಲವೇ ಪಕ್ಕದ ಸಂದುಗಳನ್ನು ಬಿಡಿಸಲು ಪ್ರಚೋದಿಸುತ್ತದೆ.

ನಮ್ಮ ನೆಲದ್ದೇ ಆದ ಒಂದು ಸಾಮಗ್ರಿ ಈ ವಿದ್ಯೆಯಲ್ಲಿ ಎಷ್ಟು ದೂರ ಹೋಗಿದೆಯೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ರಾಗಿ ಹೊಲದ ಅಂಚಿನಲ್ಲಿ ಅಕ್ಕಡಿಯಾಗಿ ನಿಲ್ಲುವ ಹರಳು ಗಿಡವನ್ನು ಈ ಸೀಮೆಯವರು ಬಲ್ಲರು. ಹರಳೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರ ಸುಮಾರಿಗೆ ಇರುವ ರಿಸಿನೋಲಿಕ್ ಆಮ್ಲದ ಹನ್ನೆರಡನೆಯ ಇಂಗಾಲದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಸಹಜವಾಗಿಯೇ ಇದೆ. ಬೇರೆ ಎಣ್ಣೆಗಳಲ್ಲಿ ಶ್ರಮಪಟ್ಟು ಕೂಡಿಸಬೇಕಾದ ಹಿಡಿಕೆ ಇಲ್ಲಿ ಪ್ರಕೃತಿಯೇ ಕೊಟ್ಟದ್ದು. ಆ ಎಣ್ಣೆಯನ್ನು ಕ್ಷಾರದೊಡನೆ ಕಾಯಿಸಿದರೆ ಸೆಬಾಸಿಕ್ ಆಮ್ಲ ದೊರೆಯುತ್ತದೆ. 1985ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಸಂಗಡಿಗರು ಉಂಗುರವುಳ್ಳ ಒಂದು ಗಡುಸಾದ ಆಮ್ಲದ ಪಾಲಿಮರಿಗೆ ಈ ಸೆಬಾಸಿಕ್ ಆಮ್ಲವನ್ನು ಸೇರಿಸುತ್ತ ಹೋಗಿ, ಅದು ನೂರಕ್ಕೆ ಎಂಬತ್ತು ಪಾಲಾದಾಗ ಕರಗುವ ವೇಗ 800 ಪಟ್ಟು ಹೆಚ್ಚಿದ್ದನ್ನು ಕಂಡರು. ಆ ಗಡುಸಾದ ಆಮ್ಲವೊಂದೇ ಇದ್ದರೆ ಮೂರು ವರ್ಷಕ್ಕೂ ಮಿಕ್ಕಿ ಉಳಿಯಬಲ್ಲ ಬಿಲ್ಲೆಗೆ ಪ್ರಮಾಣವೊಂದನ್ನೇ ಬದಲಿಸಿ ಬೇರೆ ಆಯುಷ್ಯವನ್ನು ಕೊಟ್ಟಂತಾಯಿತು. ಮಿದುಳಿನ ಗೆಡ್ಡೆಯನ್ನು ತೆಗೆದ ಜಾಗದಲ್ಲಿ ಔಷಧವನ್ನು ಮೆಲ್ಲಮೆಲ್ಲನೆ ಬಿಡುವ, 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಲಿಯಾಡೆಲ್ ಬಿಲ್ಲೆ ಈ ಇಪ್ಪತ್ತು–ಎಂಬತ್ತರ ಮಿಶ್ರಣವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಹರಳೆಣ್ಣೆಯ ಪಾಲಿಎಸ್ಟರುಗಳ ಮೇಲೆ ಕೆಲಸ ನಡೆದಿದೆ. 2021ರಲ್ಲಿ ಅಲ್ಲಿನ ಸೂರ್ಯಸಾರಥಿ ಬೋಸ್ ಅವರ ತಂಡ ಹರಳೆಣ್ಣೆಯನ್ನೂ ಬೆಳೆಯ ಕೂಳೆಯಿಂದ ತೆಗೆದ ಸೆಲ್ಯುಲೋಸನ್ನೂ ಕೂಡಿಸಿ ಹಾಳೆ ಮಾಡಿ ತೋರಿಸಿತು. ಸೆಲ್ಯುಲೋಸ್ ಹೆಚ್ಚಿದರೆ ಬಿರುಸು, ಎಣ್ಣೆ ಹೆಚ್ಚಿದರೆ ಬಳುಕು.

ಇನ್ನು ಸರ್ಕಾರದ ಕ್ರಮಗಳ ಮಾತಿಗೆ ಬಂದರೆ, ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಹೊರಡಿಸಿತು. ಕೇಂದ್ರದ ನಿಯಮಗಳು ಚೀಲದ ಕನಿಷ್ಠ ದಪ್ಪವನ್ನು 2021ರಲ್ಲಿ 75 ಮೈಕ್ರಾನಿಗೂ, 2022ರ ಅಂತ್ಯಕ್ಕೆ 120 ಮೈಕ್ರಾನಿಗೂ ಏರಿಸಿದುವು. ದಪ್ಪನೆಯದಾದರೆ ಯಾರಾದರೂ ಆಯ್ದುಕೊಂಡು ಹೋಗಿ ಮಾರುತ್ತಾರೆಂಬ ಈ ತರ್ಕ ಅಂಗಡಿಬೀದಿಗೆ ಒಪ್ಪಬಹುದು. ಆಯಲಾಗದಂತೆ ಮಣ್ಣಿನಲ್ಲಿ ಹೂತುಹೋಗುವ ಇಪ್ಪತ್ತೈದು ಮೈಕ್ರಾನಿನ ಹಾಳೆಗೆ ದಪ್ಪದ ಮಾನದಂಡ ನಿರರ್ಥಕ. ಕೊಳೆಯುವ ಹಾಳೆಯ ಬೆಲೆಯೋ ಪಾಲಿಥೀನಿನ ಎರಡು ಮೂರು ಪಟ್ಟು; ಕಿತ್ತು ಸಾಗಿಸುವ ಕೂಲಿ ಉಳಿಯುವುದೆಂಬ ಲೆಕ್ಕವನ್ನು ಅದರ ಎದುರಿಗೆ ಇಡಬಹುದಾದರೂ, ಟೊಮೆಟೊ ಬೆಲೆ ಪೆಟ್ಟಿಗೆಗೆ ನೂರು ರೂಪಾಯಿಗೆ ಇಳಿದ ವಾರದಲ್ಲಿ ಆ ಲೆಕ್ಕವನ್ನು ಕೇಳುವ ತಾಳ್ಮೆ ಯಾರಿಗಿದ್ದೀತು? ಪಾಲಿಥೀನ್ ಹಾಳೆಗೆ ಈಗ ದೊರೆಯುವ ಸಹಾಯಧನವನ್ನು ಮಣ್ಣಿನಲ್ಲಿ ಕೊಳೆಯುವ ಹಾಳೆಯ ಕಡೆಗೆ ಹೆಚ್ಚಾಗಿ ತಿರುಗಿಸದ ಹೊರತು ಇದು ಪ್ರಯೋಗಶಾಲೆಯ ವಿಷಯವಾಗಿಯೇ ಉಳಿದೀತೆಂದು ನನಗೆ ತೋರುತ್ತದೆ.

ಸಹಾಯಧನ ಕೊಡುವವರು ಹಾಳೆಯ ಸುರುಳಿಯ ಮೇಲೆ ಮೈಕ್ರಾನಿನ ಜತೆಗೆ ಇನ್ನೆರಡು ಸಂಗತಿಗಳನ್ನು ಮುದ್ರಿಸುವಂತೆ ಕಟ್ಟು ಮಾಡುವುದು ಕಷ್ಟವಲ್ಲ: ಬಿಸಿಲಿನಲ್ಲಿ ಎಷ್ಟು ದಿನ ಹರಿಯದೆ ನಿಲ್ಲುತ್ತದೆ, ಎಂಥ ಮಣ್ಣಿನಲ್ಲಿ ಎಷ್ಟು ತಿಂಗಳಿಗೆ ತೀರುತ್ತದೆ. ಹುರುಳಿಕಾಯಿ ಇಡುವವನಿಗೆ ಎರಡೂವರೆ ತಿಂಗಳ ಹಾಳೆ ಸಾಕು; ಟೊಮೆಟೊಗೆ ಐದು ತಿಂಗಳದ್ದು ಬೇಕು; ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವನಿಗೆ ಹತ್ತು ತಿಂಗಳಾದರೂ ತಡೆಯುವ ಹಾಳೆ ಬೇಕು; ವರ್ಷಾನುಗಟ್ಟಲೆ ನಿಲ್ಲುವ ಗುಲಾಬಿ ತೋಟದವನು ಪಾಲಿಥೀನನ್ನೇ, ಅದೂ ಎತ್ತಿ ಮಡಿಸಿ ಗುಜರಿಗೆ ಹಾಕಲು ಬರುವಷ್ಟು ದಪ್ಪನೆಯದನ್ನು, ಹಾಸಿಕೊಳ್ಳುವುದು ಲೇಸು.